ಏಳನೇ ಸಲದ ಹೊಸಬ

ವಿಶ್ರಾಮಬಾಗದ ತವನಪ್ಪನವರ ಮನೆಯಲ್ಲಿ ಸಾತವ್ವ ಪಾತ್ರೆ ತೊಳೆಯುವಷ್ಟು ಹೊತ್ತು ಅವಳ ಮಗ ರತ್ನದೀಪ ಹಿಂಬದಿಯ ಮೆಟ್ಟಿಲ ಮೇಲೆ ಯಜಮಾನರ ಮಗ ಶ್ರೇಯಸನೊಡನೆ ಆಟದ ಪುಸ್ತಕ ಓದುತ್ತಿದ್ದ. ಕತೆಯ ನಡುವೆ ಪುಸ್ತಕವೇ ಕೇಳುತ್ತಿತ್ತು: ಗುಹೆಗೆ ನುಗ್ಗುವೆಯಾದರೆ ನಲವತ್ತನೇ ಪುಟ, ಹಿಂದಿರುಗುವೆಯಾದರೆ ತೊಂಬತ್ತು. ತವನಪ್ಪ ಮಿರಜ ಸ್ಟೇಷನ್ನಿನಿಂದ ತರುತ್ತಿದ್ದ ಆ ಪುಸ್ತಕಗಳಲ್ಲಿ ಎರಡು ಮಾಲೆ. ಒಂದರಲ್ಲಿ ಪ್ರತಿ ಪುಸ್ತಕಕ್ಕೂ ಹೊಸ ವೀರ. ಹಿಂದಿನವನು ಗೆದ್ದದ್ದು ಇವನಿಗೆ ಗೊತ್ತೇ ಇಲ್ಲ. ಇನ್ನೊಂದರಲ್ಲಿ ಕೊನೆಯವರೆಗೂ ಒಬ್ಬನೇ ಅಂಬಿಗರ ಹುಡುಗ. ಮೊದಲ ಭಾಗದಲ್ಲಿ ಹುಟ್ಟು ಹಾಕಲೂ ಬಾರದವನು ಐದನೆಯದರಲ್ಲಿ ಸುಳಿಯ ಸದ್ದು ಕೇಳಿಯೇ ದೋಣಿ ತಿರುಗಿಸುತ್ತಿದ್ದ. ಕಲಿತದ್ದೂ ಉಳಿಯುತ್ತಿತ್ತು, ಆದ ಗಾಯವೂ.

ರತ್ನದೀಪನಿಗೆ ಅವನೇ ಬೇಕು. ಶ್ರೇಯಸನಿಗೆ ಬೇಸರ.

"ಹೊಸಾ ಹೀರೋ ಇದ್ರ ಮಜಾ ಇರ್ತೈತಿ. ಹಳೇದೆಲ್ಲಾ ಯಾರ ಹೊರಬೇಕು?"

"ಹಂಗಾರ ಅಂವಾ ಕಲ್ತದ್ದು ಎಲ್ಲಿ ಹೋತು?" ಎಂದು ರತ್ನದೀಪ ಜಗಳಕ್ಕೆ ನಿಲ್ಲುತ್ತಿದ್ದ.

ತೊಂಬತ್ತರ ದಶಕದಲ್ಲಿ ತವನಪ್ಪ ಕುಪವಾಡದಲ್ಲಿ ಪಂಪಿನ ಬಿಡಿಭಾಗಗಳ ಕಾರಖಾನೆ ತೆರೆದರು. ರತ್ನದೀಪ ಲೇಥ್ ಮಶೀನಿಗೆ ನಿಂತ. ಕೈ ಚೆನ್ನಾಗಿ ಪಳಗಿತು. ಆದರೆ ಏಳು ತಿಂಗಳಿಗೊಮ್ಮೆ 'ಬ್ರೇಕ್': ಹೆಸರು ತೆಗೆದು, ಕೆಲ ದಿನ ಮನೆಯಲ್ಲಿ ಕೂರಿಸಿ, ಮತ್ತೆ ಹೊಸಬನೆಂದು ಸೇರಿಸಿಕೊಳ್ಳುವುದು. ಕಾಯಂ ಮಾಡುವ ಪ್ರಸಂಗ ಬರಬಾರದಲ್ಲ.

ಏಳನೇ ಸಲ ಅವನು ಫಾರ್ಮಿನಲ್ಲಿ ಅನುಭವದ ಮುಂದೆ 'ನಾಲ್ಕು ವರ್ಷ' ಎಂದು ಬರೆದ. ಗುಮಾಸ್ತ ಅದನ್ನು ಹರಿದು ಇನ್ನೊಂದು ಕೊಟ್ಟ. ರತ್ನದೀಪ ನೇರ ಶ್ರೇಯಸನ ಕ್ಯಾಬಿನ್ನಿಗೆ ಹೋದ. ಕಾರಖಾನೆ ಈಗ ಅವನ ಕೈಯಲ್ಲಿತ್ತು.

"ಶೇಠ, ಇದ್ದದ್ದನ್ನ ಬರದೇನ್ರಿ."

"ಗೊತ್ತೈತಿ ರತ್ನಾ. ಎಲ್ಲಾ ಕಡೆ ಹಿಂಗ ನಡದೈತಿ. ನಾ ಒಬ್ಬಾಂವ ಏನ್ ಮಾಡ್ಲಿ? ಸಹಿ ಮಾಡು."

"ನಿಮಗ ಗೊತ್ತಿದ್ರ ಸಾಕೇನ್ರಿ?"

ಶ್ರೇಯಸ ಫೋನ್ ಎತ್ತಿಕೊಂಡು ಬೇರೆ ಯಾರೊಡನೆಯೋ ಮಾತಿಗೆ ತೊಡಗಿದ.

ಮನೆಯಲ್ಲಿ ಹೆಂಡತಿ ಕಾಜಲ ತುಂಬು ಗರ್ಭಿಣಿ. ರತ್ನದೀಪ ಹೊಸ ಫಾರ್ಮಿನಲ್ಲಿ ಅನುಭವದ ಮುಂದೆ 'ಇಲ್ಲ' ಎಂದು ಬರೆದು ಸಹಿ ಹಾಕಿದ.

ಮತ್ತೆ ಕೆಲಸಕ್ಕೆ ಹೋದ ದಿನ ಅವನನ್ನು ಹೊಸಬರ ಸಾಲಿನಲ್ಲಿ ನಿಲ್ಲಿಸಿ, ಕಲಿಸಲು ಅಪ್ಪಣ್ಣನನ್ನು ಕಳಿಸಿದರು. ಹೋದ ವರ್ಷ ಆ ಅಪ್ಪಣ್ಣನಿಗೆ ಕೆಲಸ ಕಲಿಸಿದವನು ರತ್ನದೀಪನೇ. ಸೂಪರ್‌ವೈಜರನ ಅಳಿಯನಾದ್ದರಿಂದ ಅಪ್ಪಣ್ಣ ಆಗಲೇ ಕಾಯಂ ಆಗಿದ್ದ.

"ದಾದಾ, ನಿಮಗ ನಾ ಏನ್ ಹೇಳ್ಲಿ?" ಎಂದು ಅವನು ತಲೆ ತಗ್ಗಿಸಿದ.

"ಸೂಪರ್‌ವೈಜರ ಸಾಹೇಬ ನೋಡಾಕತ್ತಾನ. ಏನರೆ ಹೇಳು."

ಅಪ್ಪಣ್ಣ ಸ್ವಿಚ್ ತೋರಿಸಿ, "ಇದ್ರಿಂದ ಚಾಲೂ ಮಾಡೂದು," ಎಂದ.

ರತ್ನದೀಪ ತಲೆಯಾಡಿಸಿದ.