ಸೀಟಿನ ಕೊಳವೆಯ ಮೇಲಿನ ಎರಡು ಗೆರೆ

ಸೈಕಲ್ಲಿನ ಸೀಟನ್ನು ಹೊತ್ತು ನಿಲ್ಲುವ ಉಕ್ಕಿನ ಕೊಳವೆಯನ್ನು ನೀವು ಎಂದಾದರೂ ಪೂರ್ತಿ ಹೊರಗೆಳೆದು ನೋಡಿದ್ದೀರಾ? ನಾನಂತೂ ನೋಡಿರಲಿಲ್ಲ. ಹೊರಗೆ ಕಾಣುವ ನಾಲ್ಕು ಬೆರಳಿನಷ್ಟು ಭಾಗ ಹೊಳೆಯುತ್ತಿರುತ್ತದೆ. ಒಳಗೆ ಹುದುಗಿದ್ದು ಗ್ರೀಸು, ಧೂಳು ಮೆತ್ತಿಕೊಂಡು ಕಪ್ಪಾಗಿ, ಯಾರ ಕಣ್ಣಿಗೂ ಬೀಳದೆ ಕೂತಿರುತ್ತದೆ. ಹೋದ ತಿಂಗಳು ಬಿಬವೇವಾಡಿಯ ಅಕ್ಕನ ಮನೆಯ ಗ್ಯಾಲರಿಯಲ್ಲಿ, ತೀರಿಹೋದ ಅವಳ ಗಂಡನ ಗೇರಿನ ಸೈಕಲ್ಲನ್ನು ಒರೆಸುತ್ತಿದ್ದೆ. ಪಕ್ಕದ ಸೊಸೈಟಿಯ ಒಬ್ಬರು ಮರುದಿನ ಅದನ್ನು ಒಯ್ಯುವವರಿದ್ದರು. ಪಾನಾ ಹಾಕಿ ನಟ್ಟು ಸಡಿಲಿಸಿ ಸೀಟನ್ನು ಎಳೆದೆ. ಕೊಳವೆಯನ್ನು ಚಿಂದಿಯಿಂದ ಉಜ್ಜಿದಾಗ ಎರಡು ಗೆರೆಗಳು ಕಂಡವು: ನಟ್ಟಿನ ಅಂಚಿನಲ್ಲೇ ಒಂದು, ದಪ್ಪನೆಯದು, ಆತುರದ್ದು, ಅದಕ್ಕಿಂತ ಒಂದು ಗೇಣು ಒಳಗೆ ಇನ್ನೊಂದು, ಕೂದಲೆಳೆಯಂಥದು.

ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ. ಬಾಗಲಕೋಟೆ ಕಡೆಯ ಆರಡಿ ಎತ್ತರದ ಆಳು. ತಳೇಗಾಂವದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬಿಡಿಸುವ ಕೆಲಸ. ಸ್ಕೇಲಿಲ್ಲದೆ ಎಳೆದ ಅವನ ಗೆರೆಯ ಪಕ್ಕ ಸ್ಕೇಲನ್ನಿಟ್ಟರೆ ಸ್ಕೇಲೇ ಸೊಟ್ಟಗಿದೆಯೇನೋ ಅನ್ನಿಸುತ್ತಿತ್ತು. ಆ ತೆಳ್ಳನೆಯ ಗೆರೆ ಅವನ ಸೀಟಿನ ಎತ್ತರದ್ದು. ದಪ್ಪನೆಯದು ಯಾರದು ಎಂದು ಯೋಚಿಸುತ್ತ, ಸೀಟನ್ನು ಮತ್ತೆ ಅದೇ ಗೆರೆಗೆ ಇಳಿಸಿ ಮೇಲೆ ಕೂತೆ. ನನ್ನ ಎರಡೂ ಪಾದಗಳು ನೆಲವನ್ನು ಸರಿಯಾಗಿ ಮುಟ್ಟಿದವು.

ಇಲ್ಲಿ ನಾನು ನಿಮಗೆ ಒಂದು ಕಥೆ ಹೇಳಬೇಕು. ಹತ್ತು ವರ್ಷಗಳಿಂದ ನಾನು ನೆಂಟರ ನಡುವೆ ನಗಿಸುತ್ತ ಹೇಳಿಕೊಂಡು ಬಂದ ಕಥೆ ಅದು. ತೊಂಬತ್ತರ ದಶಕದ ಕೊನೆ. ನಾನು ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದುತ್ತ, ದೇವರಿಂದ ಹಿಡಿದು ಹವಾಮಾನ ವರದಿಯವರೆಗೆ ಎಲ್ಲವನ್ನೂ ಅನುಮಾನಿಸುತ್ತಿದ್ದ ಕಾಲ. ಒಂದು ಭಾನುವಾರ ಮಾಮಾ ನನ್ನನ್ನು ಭೋರ್ ಕಡೆಯ ಗುಡ್ಡಕ್ಕೆ ಕರೆದೊಯ್ದ. ತನ್ನ ಸೈಕಲ್ಲಿನ ಜೊತೆಗೆ ನನಗೆಂದು ಸಹೋದ್ಯೋಗಿಯ ಸೈಕಲ್ಲನ್ನೂ ಎರವಲು ತಂದಿದ್ದ. ಎರಡನ್ನೂ ಕೆಂಪು ಬಸ್ಸಿನ ತಲೆಯ ಮೇಲೆ ಕಟ್ಟಿಸಿದಾಗ, ಸೈಕಲ್ಲಿದ್ದೂ ಬಸ್ಸೇಕೆ ಎಂದು ಕಂಡಕ್ಟರ್ ಮರಾಠಿಯಲ್ಲಿ ಕಿಚಾಯಿಸಿದ. ಅವಕ್ಕೂ ಊರು ನೋಡುವ ಆಸೆ ಎಂದು ಮಾಮಾ ಮರಾಠಿಯಲ್ಲೇ ಉತ್ತರ ಕೊಟ್ಟ. ಗುಡ್ಡ ಹತ್ತಿದೆವು, ಬಹುಪಾಲು ಸೈಕಲ್ಲುಗಳನ್ನು ತಳ್ಳಿಕೊಂಡೇ. ಇಳಿಯುವಾಗ ಮಾಮಾ ಹುರುಪಿಗೆ ಬಿದ್ದು ಜೋರಾಗಿ ಬಿಟ್ಟ, ತಿರುವಿನಲ್ಲಿ ಉರುಳಿದ, ಬಲಗೈ ಮಣಿಕಟ್ಟು ಮುರಿಯಿತು. ಕಥೆ ಇಷ್ಟೇ.

ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಪೆನ್ಸಿಲ್ ಹಿಡಿದರೆ ಕೈ ನಡುಗುತ್ತಿತ್ತು. ನಕ್ಷೆಯ ಮೇಜಿನಿಂದ ಎಬ್ಬಿಸಿ ಅವನನ್ನು ಸಾಮಾನು ಎಣಿಸುವ ಸ್ಟೋರ್ ರೂಮಿಗೆ ಹಾಕಿದರು. ಅಕ್ಕ ದಿನವೂ ಅಂಗಿಯ ಗುಂಡಿ ಹಾಕಿ ಕಳಿಸುತ್ತ, “ನಾಲ್ವತ್ತು ಸಮೀಪ ಬಂತು, ಹುಡುಗಾಟಿಕಿ ಹೋಗಲಿಲ್ಲ. ಯಾರಿಗೆ ತೋರಸಾಕ ಹಾರಿದ್ರಿ?” ಎಂದು ಚುಚ್ಚುತ್ತಿದ್ದಳು. ಅವನು ನಗುತ್ತಿದ್ದ. ಎರಡು ವರ್ಷದ ಹಿಂದೆ, ಬೆಳಿಗ್ಗೆ ಚಹಾ ಕುಡಿಯುತ್ತ ಕೂತಲ್ಲೇ ಎದೆನೋವು ಬಂದು ಹೋಗಿಬಿಟ್ಟ.

ಈಗ ಕೈಯಲ್ಲಿ ಚಿಂದಿ ಹಿಡಿದು ನಾನು ಆ ಸೈಕಲ್ಲನ್ನು ಇಂಚಿಂಚು ನೋಡಿದೆ. ಬಣ್ಣಕ್ಕೆ ಒಂದು ತರಚೂ ಇಲ್ಲ. ಕಲ್ಲಿನ ಇಳಿಜಾರಿನಲ್ಲಿ ಉರುಳಿ ಮನುಷ್ಯನ ಮೂಳೆ ಮುರಿದ ಸೈಕಲ್ಲಿಗೆ ತರಚಿಲ್ಲ! ಸೀಟು ನನ್ನ ಎತ್ತರಕ್ಕಿದೆ. ಆ ದಿನದ ನಂತರ ಅದು ಈ ಗ್ಯಾಲರಿ ಬಿಟ್ಟು ಇಳಿದಿಲ್ಲ, ಯಾರೂ ಹತ್ತಿಲ್ಲ. ಹಾಗಾದರೆ ಕೊನೆಯದಾಗಿ ಅದರ ಮೇಲೆ ಕೂತವನು ನಾನು.

ಇದಾದ ಮೇಲೆ ನೆನಪು ಬಂತು. ಬಂತೋ, ಎರಡು ಗೆರೆಗಳನ್ನು ಕಂಡು ನಾನೇ ಕಟ್ಟಿಕೊಂಡೆನೋ, ಪ್ರಮಾಣ ಮಾಡಿ ಹೇಳಲಾರೆ. ಗುಡ್ಡದ ನೆತ್ತಿ, ಒಣಗಿದ ಹುಲ್ಲು, ದನ ನಡೆದು ಸವೆದ ಮೊಳದಗಲದ ಹಾದಿ, ಅದರ ತುಂಬ ಕಾಲಿಟ್ಟರೆ ಜಾರುವ ಗರಸು, ಮೂರನೆಯ ತಿರುವಿನಾಚೆ ಬರೀ ಆಕಾಶ. 

“ಮಾಮಾ, ಇದರ ಬ್ರೇಕ್ ಹಿಡೀವಲ್ಲದು. ನನ್ನ ಕೈಲಿ ಆಗಂಗಿಲ್ಲ.”

“ದೇವರ ಇಲ್ಲಂತ ಎದಿ ತಟ್ಟಿ ಹೇಳಾಂವಗ ಇಳಕಲಿಗೆ ಅಂಜಿಕಿ ಏನೋ? ಇಳಿ ಕೆಳಗ. ನಂದು ತಗೋ.”

ತನ್ನ ಸೀಟು ಇಳಿಸಿ, ನನ್ನನ್ನು ಕೂರಿಸಿ ನೋಡಿ, ಪಾನಾದ ತುದಿಯಿಂದ ಗೀರಿದ. ಎರವಲು ಸೈಕಲ್ಲಿನ ಸೀಟಿನ ನಟ್ಟು ತುಕ್ಕು ಹಿಡಿದು ಅಲುಗಲಿಲ್ಲ. “ಇರಲಿ ಬಿಡು,” ಎಂದು ಅದನ್ನೇ ಹತ್ತಿದ. “ಗಾಲಿ ನೋಡಬ್ಯಾಡ, ಹೋಗೂ ದಾರಿ ನೋಡು. ಮುಂದಿನ ಬ್ರೇಕ್ ಗಟ್ಟಿ ಒತ್ತಿದಿ ಅಂದ್ರ ಸೈಕಲ್ಲಿಗಿಂತ ಮೊದಲ ನೀ ಭೋರ್ ಮುಟ್ಟತಿ.” ಗೆರೆ ಯಾಕೆ ಎಂದು ನಾನು ಕೇಳಿದ್ದಕ್ಕೆ, “ಮುಂದಿನ ಸಲ ಬೇಕಾಗ್ತದ” ಎಂದನೆ? ಎಂದ ಎಂದೇ ನನ್ನ ಮನಸ್ಸು ಹೇಳುತ್ತದೆ. ಆದರೆ ಆ ಮನಸ್ಸನ್ನು ನಾನು ಹೇಗೆ ನಂಬಲಿ?

ಅವನು ಮುಂದೆ ಹೋದ, ದಾರಿ ತೋರಿಸಲು. ನಾನು ಎರಡೂ ಬ್ರೇಕ್ ಅಮುಕುತ್ತ, ಹಲ್ಲು ಕಟಕಟಿಸುತ್ತ, ಅವನ ಬಿಳಿ ಅಂಗಿಯ ಬೆನ್ನನ್ನಷ್ಟೇ ನೋಡುತ್ತ ಇಳಿದೆ. ಮೂರನೆಯ ತಿರುವಿನಲ್ಲಿ ಬೆನ್ನು ಮಾಯವಾಯಿತು. ಕಲ್ಲುಗಳು ಜಾರಿದ ಸದ್ದು. ನಾನು ತಲುಪಿದಾಗ ಎರವಲು ಸೈಕಲ್ಲಿನ ಮುಂದಿನ ಗಾಲಿ ಎಂಟರ ಆಕಾರಕ್ಕೆ ತಿರುಚಿತ್ತು, ಮಾಮಾ ಕೈ ಹಿಡಿದುಕೊಂಡು ಕೂತು, “ನಿನಗೇನೂ ಆಗಿಲ್ಲಲ್ಲಾ?” ಎಂದು ಕೇಳುತ್ತಿದ್ದ.

ಹಾಲಿನ ಟೆಂಪೊ ನಮ್ಮನ್ನು ಭೋರಿಗೆ ಮುಟ್ಟಿಸಿತು. ಮುರಿದ ಸೈಕಲ್ಲು ಅಲ್ಲೇ ರಿಪೇರಿಗೆ ಉಳಿಯಿತು. ಮನೆಯ ಬಾಗಿಲಲ್ಲಿ ಅಕ್ಕ ಬಾಯಿ ಬಿಡುವ ಮೊದಲೇ ಅವನು, “ಸ್ವಲ್ಪ ಜೋರು ಬಿಟ್ಟೆ,” ಎಂದ. ನಾನು ಸುಮ್ಮನಿದ್ದೆ. ಮೊದಲು ಸುಮ್ಮನಿದ್ದೆ, ಆಮೇಲೆ ಹೂಂಗುಟ್ಟಿದೆ, ಆಮೇಲೆ ನಾನೇ ಹೇಳತೊಡಗಿದೆ; ಹೇಳುತ್ತ ಹೇಳುತ್ತ ಅವನು ಹುರುಪಿನಿಂದ ಹಾರಿದ್ದನ್ನು ಕಣ್ಣಾರೆ ಕಂಡವನೇ ಆಗಿಬಿಟ್ಟೆ. ಜಗತ್ತಿನ ಸಾಕ್ಷಿಗಳನ್ನೆಲ್ಲ ಅಡ್ಡಸವಾಲಿಗೆ ನಿಲ್ಲಿಸಿದ ನಾನು, ನನ್ನ ಪರವಾಗಿ ಹೇಳಿದ ಈ ಒಂದು ಸಾಕ್ಷಿಯನ್ನು ಮಾತ್ರ ಏನೂ ಕೇಳದೆ ಬಿಟ್ಟಿದ್ದೆ.

ಅಕ್ಕ ಚಹಾ ತಂದಳು. “ಇನ್ನೂ ಒರಸಾಕತ್ತೀ? ಅವರೇನು ಮದಿವಿ ಮಾಡಿಕೊಳ್ಳಾಕ ಒಯ್ಯಾಕತ್ತಿಲ್ಲೋ.”

ಹೇಳದೆಯೂ ಇರಬಹುದಿತ್ತು. ನಾಳೆ ಸೈಕಲ್ಲು ಹೋದರೆ ಗೆರೆಯೂ ಹೋಗುತ್ತಿತ್ತು. ಹೇಳಿದೆ.

ಸೀಟನ್ನು ಮತ್ತೆ ಹೊರಗೆಳೆದು ಎರಡೂ ಗೆರೆ ತೋರಿಸಿದೆ. ಅವಳು ಕೊಳವೆಯನ್ನು ಕೈಗೆ ತೆಗೆದುಕೊಂಡಳು. “ಮೂರು ತಿಂಗಳ ಅವರ ಅಂಗಿ ಗುಂಡಿ ಹಾಕೇನಿ,” ಎಂದಳು. “ಒಂದೊಂದು ಗುಂಡಿಗೂ ಒಂದೊಂದು ಮಾತು ಅಂದೇನಿ. ಅವರು ನಗತಿದ್ರು. ಇವರಿಗೆ ನಾಚಿಕಿ ಅನ್ನೂದ ಇಲ್ಲ ಅಂತ ತಿಳಕೊಂಡಿದ್ದೆ.”

ನಾನು ಏನೋ ಅನ್ನಲು ಹೋದೆ. ಅವಳು ಕೈ ಅಡ್ಡ ಮಾಡಿದಳು.

“ಇದರಾಗ ಅವರದು ಯಾವುದು?”

ತೆಳ್ಳನೆಯ ಗೆರೆ ತೋರಿಸಿದೆ. ಉಗುರಿನಿಂದ ಅದನ್ನು ತಡವಿದಳು.

“ಇದಕ್ಕ ಏರಿಸಿ ಇಡು.”

“ನಾಳೆ ಒಯ್ಯಾವ್ರು ತಮ್ಮ ಎತ್ತರಕ್ಕ ಮಾಡ್ಕೋತಾರ, ಅಕ್ಕ.”

“ನಾಳಿಂದು ನಾಳೆ. ಹತ್ತು ವರ್ಷ ನಿನ್ನ ಎತ್ತರಕ್ಕ ನಿಂತದಲ್ಲ, ಇವತ್ತೊಂದಿನ ಅವರ ಎತ್ತರಕ್ಕ ಇರಲಿ.”

ಕೊಳವೆಯನ್ನು ಮತ್ತೆ ತೂರಿಸಿ, ಆ ಕೂದಲೆಳೆಯ ಗೆರೆ ಅಂಚಿಗೆ ಬಂದು ನಿಂತಾಗ ಪಾನಾ ತಿರುವಿ ನಟ್ಟು ಬಿಗಿದೆ. ಅದರ ಮೇಲೆ ಕೂತರೆ ನನ್ನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕೂತು ನೋಡಲಿಲ್ಲ. ಅಕ್ಕ ತನ್ನ ಸೆರಗಿನಿಂದ ಸೀಟನ್ನು ಇನ್ನೊಮ್ಮೆ ಒರೆಸಿದಳು.