ಒಂದೂ ಒಡೆದಿಲ್ಲ

ಇವತ್ತು ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ಮನೆಯೆಲ್ಲ ಒಣಹುಲ್ಲಿನ ವಾಸನೆ. ಆ ವಾಸನೆಗೆ ನಿಮಗೆ ದನದ ಕೊಟ್ಟಿಗೆಯೋ ಸುಗ್ಗಿಯ ಕಣವೋ ನೆನಪಾಗಬಹುದು. ನನಗೆ ನೆನಪಾಗುವುದು ರೇಲ್ವೆಯ ಗೂಡ್ಸ್ ಶೆಡ್ಡು, ದಬ್ಬಣ ಚುಚ್ಚಿಸಿಕೊಂಡ ಹೆಬ್ಬೆರಳು. ಅದರ ಹಿಂದೆಯೇ ಸಿಟ್ಟು ಬರುತ್ತದೆ, ಬಂದರೆ ಬೇಗ ಹೋಗುವುದಿಲ್ಲ. ನಡುಮನೆಯಲ್ಲಿ ಎರಡು ಚೀಲ ಹುಲ್ಲು ಇಳಿಸಿ, ನಮ್ಮವರು ಅಂಗಿಯ ಮೇಲಿನ ಧೂಳು ಝಾಡಿಸುತ್ತ ನಿಂತಿದ್ದರು.

"ಆರ್ಡರ್ ಬಂತು. ಮತ್ತ ಸೂರತ್ತ," ಅಂದರು. "ಯಾವಾಗ ಶುರು ಮಾಡ್ತೀ?"

ನಿಮಗೆ ಮೊದಲು ನಮ್ಮ ವಿಷಯ ಹೇಳಿಬಿಡುತ್ತೇನೆ. ನಮ್ಮವರದು ವಿಮಾ ಕಚೇರಿಯ ನೌಕರಿ. ಗುಜರಾತ್ ಬೇರೆ ರಾಜ್ಯವಾದ ವರ್ಷ ಧಾರವಾಡ ಬಿಟ್ಟು ಸೂರತ್ತಿಗೆ ಬಂದೆವು. ಅಲ್ಲಿ ಎರಡು ವರ್ಷ, ಬರೋಡಾದ ಫತೇಗಂಜಿನಲ್ಲಿ ಎರಡು ವರ್ಷ, ಈಗ ಅಹಮದಾಬಾದಿನ ನವರಂಗಪುರದಲ್ಲಿ ಐದು. ಮನೆಯಲ್ಲಿ ನಾವಿಬ್ಬರು, ಒಬ್ಬ ಮಗಳು. ನನಗೆ ನಲವತ್ತೆರಡು. ಹಾಡು ಬರುವುದಿಲ್ಲ, ಕಸೂತಿ ಬರುವುದಿಲ್ಲ, ಇಲ್ಲಿನವರಂತೆ ಕಾಗದದಷ್ಟು ತೆಳ್ಳಗೆ ಖಾಕ್ರಾ ಲಟ್ಟಿಸಲು ಹೋಗಿ ನಾಲ್ಕು ಸಲ ನಗೆಪಾಟಲಾಗಿದ್ದೇನೆ. ಆದರೆ ಸಾಮಾನು ಕಟ್ಟುವುದು ಬರುತ್ತದೆ. ಅದನ್ನು ನಾನು ಬಹಳ ಚೆನ್ನಾಗಿ ಮಾಡುತ್ತೇನೆ. ಇದನ್ನು ಹೀಗೆ ಬಾಯಿಬಿಟ್ಟು ಹೇಳಿಕೊಳ್ಳುತ್ತಿರುವುದು ಇದೇ ಮೊದಲು, ಸ್ವಲ್ಪ ನಾಚಿಕೆಯೂ ಆಗುತ್ತಿದೆ. ಇರಲಿ.

ಹುಟ್ಟುತ್ತಲೇ ಬಂದ ವಿದ್ಯೆಯಲ್ಲ ಅದು. ಧಾರವಾಡದಿಂದ ಹೊರಟಾಗ ಕಪ್ಪುಗಳನ್ನು ಒಂದರೊಳಗೊಂದು ಇಟ್ಟು, ಮೇಲೊಂದು ಟವೆಲ್ಲು ಮುಚ್ಚಿ, ದೇವರ ಮೇಲೆ ಭಾರ ಹಾಕಿದ್ದೆ. ಸೂರತ್ತಿನಲ್ಲಿ ತೆರೆದರೆ ಹನ್ನೆರಡರಲ್ಲಿ ಏಳು ಕಪ್ಪು ಚೂರು. ಕಂದೀಲಿನ ಗಾಜು ಪುಡಿಪುಡಿ. ಉಳಿದಿದ್ದು ಅವ್ವ ಕೊಟ್ಟ ಉಪ್ಪಿನಕಾಯಿ ಭರಣಿ, ಯಾಕೆಂದರೆ ಅದನ್ನು ಅವ್ವ ತಾನೇ ಕಟ್ಟಿಕೊಟ್ಟಿದ್ದಳು. ಮೇಲೆ ಕಂದು, ಕೆಳಗೆ ಬಿಳಿ, ಎರಡು ಕಿವಿ, ಒಂದು ಮುಚ್ಚಳ. ಮೂವತ್ತು ವರ್ಷ ಅವಳ ಅಡಿಗೆಮನೆಯ ಮೂಲೆಯಲ್ಲಿ ಕೂತಿದ್ದ ಭರಣಿ. ತನ್ನ ಹಳೆಯ ಸೀರೆಯನ್ನು ಅದಕ್ಕೆ ಕೂಸಿಗೆ ಸುತ್ತಿದಂತೆ ಸುತ್ತಿದ್ದಳು. "ಇದರ ಹತ್ರ ಯಾವುದನ್ನೂ ಇಡಬ್ಯಾಡವಾ, ಒಂದ ಇರ್ಲಿ," ಅಂದಿದ್ದಳು. ಬರೋಡಾಕ್ಕೆ ಹೋದ ಮೊದಲ ವರ್ಷವೇ ಅವ್ವ ತೀರಿಕೊಂಡಳು. ಆಮೇಲೆ ಆ ಭರಣಿಯನ್ನು ದಿನಾ ಬೆಳಿಗ್ಗೆ ಒರೆಸುವುದೊಂದು ರೂಢಿಯಾಯಿತು.

ಒಡೆದ ಕಪ್ಪುಗಳ ಬದಲಿಗೆ ಬೇರೆ ತರಲು ಸೂರತ್ತಿನ ಪೇಟೆಯಲ್ಲಿ ಒಂದು ಪಿಂಗಾಣಿ ಅಂಗಡಿಗೆ ಹೋಗಿದ್ದೆ. ಅಂಗಡಿಯ ಮುದುಕ ನನ್ನ ಕಪ್ಪು ಕಟ್ಟುವುದನ್ನು ನೋಡುತ್ತ ನಿಂತುಬಿಟ್ಟೆ. ಹಿಡಿ ಹುಲ್ಲು ತೆಗೆದು ಹೊಸೆದು, ಮೊದಲು ಕಪ್ಪಿನ ಕಿವಿಗೆ ಸುತ್ತಿದ. ಪೆಟ್ಟು ಬಿದ್ದರೆ ಮೊದಲು ಮುರಿಯುವುದು ಕಿವಿ. ಆಮೇಲೆ ಹೊಟ್ಟೆಗೆ ಮೂರು ಸುತ್ತು. ಕಪ್ಪಿನ ಕೆಳಗಿಡುವ ಬಸಿಗಳನ್ನು ಮಲಗಿಸಲಿಲ್ಲ, ಅಂಚಿನ ಮೇಲೆ ನಿಲ್ಲಿಸಿದ. "ಕಾಚ್‌ನೆ ಕಾಚ್ ನ ಅಡೆ, ಬೆನ್," ಅಂದ. ಗಾಜಿಗೆ ಗಾಜು ತಾಗಕೂಡದು ಎಂದು. ಪೂರ್ತಿ ಕಟ್ಟಿದ ಮೇಲೆ ಡಬ್ಬಿಯನ್ನು ತನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಪೆಟ್ಟಿಗೆ ಮಾತಾಡಬಾರದು, ಮಾತಾಡಿದರೆ ಬಿಚ್ಚಿ ಮತ್ತೆ ಕಟ್ಟಬೇಕು ಎಂದು ತಿಳಿಸಿದ. ನಾನು ಆಮೇಲೆ ಎರಡು ಸಲ ಬೇಕಿಲ್ಲದ ಬಸಿ ಕೊಳ್ಳುವ ನೆವದಲ್ಲಿ ಆ ಅಂಗಡಿಗೆ ಹೋದೆ. "ಕಾಕಾ, ಕಂದೀಲಿನ ಗಾಜು ಹೇಗೆ?" ಎಂದು ನನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದೆ. ಒಳಗೂ ತುಂಬಬೇಕು, ಹೊರಗೂ ಸುತ್ತಬೇಕು, ಪೊಳ್ಳು ಬಿಟ್ಟರೆ ಹೋಯಿತು ಅಂದ.

ಬರೋಡಾಕ್ಕೆ ವರ್ಗವಾದಾಗ ಚಹಾದ ಸಗಟು ಅಂಗಡಿಯಿಂದ, ಅಂಚಿಗೆ ತಗಡು ಹೊಡೆದ ಖಾಲಿ ಪೆಟ್ಟಿಗೆಗಳನ್ನು ತರಿಸಿದೆ. ಹನ್ನೊಂದು ದಿನ ಕಟ್ಟಿದೆ. ಕಪ್ಪುಗಳ ಹೊಟ್ಟೆಯಲ್ಲಿ ತೊಗರಿಬೇಳೆ ತುಂಬಿದೆ, ಅವೂ ಉಳಿದವು, ಬೇಳೆಯೂ ಬಂತು. ಕಂದೀಲಿನ ಗಾಜಿನೊಳಗೆ ಮಗಳ ಉಣ್ಣೆಯ ಕಾಲುಚೀಲ ತುರುಕಿದೆ. ಅವ್ವನ ಭರಣಿಗೆ ಅದೇ ಸೀರೆ ಸುತ್ತಿ, ಅದಕ್ಕೆಂದೇ ಒಂದು ಪೆಟ್ಟಿಗೆ ಇಟ್ಟೆ. ಕೊನೆಗೆ ಒಂದನೇ ನಂಬರಿನ ಪೆಟ್ಟಿಗೆ. ಅದರಲ್ಲಿ ಸ್ಟೋವು, ಸ್ಟೋವಿನ ಪಿನ್ನು, ಕಡ್ಡಿಪೆಟ್ಟಿಗೆ, ಚಹಾಪುಡಿ, ಸಕ್ಕರೆ, ಒಂದು ಪಾತೇಲಿ, ಮೂರು ಲೋಟ. ಹೊಸ ಮನೆಯ ಕೀಲಿ ತೆಗೆದ ಅರ್ಧ ತಾಸಿನಲ್ಲಿ ಚಹಾ ಆಗಬೇಕು ಅನ್ನುವುದು ನನ್ನ ಹಟ. ಆಯಿತು. ಇಪ್ಪತ್ತೈದು ನಿಮಿಷಕ್ಕೇ ಆಯಿತು, ಗಡಿಯಾರ ನೋಡಿಕೊಂಡಿದ್ದೆ.

ಮರುದಿನ ಫತೇಗಂಜಿನ ಆ ಮನೆಯ ನೆಲದ ಮೇಲೆ ಗಾಜು ಪಿಂಗಾಣಿಯದನ್ನೆಲ್ಲ ಸಾಲಾಗಿ ಜೋಡಿಸಿದೆ. ಮೂವತ್ತೇಳು. ಒಂದಕ್ಕೂ ಬಿರುಕಿಲ್ಲ, ಒಂದರ ಅಂಚೂ ಹಾರಿಲ್ಲ. ಬಾಗಿಲ ಬೆಳಕು ಅವುಗಳ ಮೇಲೆ ಬಿದ್ದಿತ್ತು. ನಿಮಗೆ ನಗು ಬರಬಹುದು. ಆದರೆ ನಾನು ಅಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು, ದೊಡ್ಡದೊಂದು ಸೇತುವೆ ಕಟ್ಟಿದ ಇಂಜಿನಿಯರನ ಹಾಗೆ ನಿಂತಿದ್ದೆ.

"ನೋಡ್ರಿಲ್ಲೇ," ಅಂದೆ. "ಮೂವತ್ತೇಳು. ಒಂದೂ ಒಡದಿಲ್ಲ!"

ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. "ಒಡೀಬಾರ್ದು ಅಂತನ ಅಲ್ಲೇನು ಕಟ್ಟೂದು?" ಅಂದರು.

ಈ ಮಾತಿಗೆ ಏನು ಉತ್ತರ ಕೊಡುತ್ತೀರಿ? ನಾನು ಏಳು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ. ಮಾತಿನಲ್ಲಿ ತಪ್ಪೇನಿಲ್ಲ, ಒಡೆಯಬಾರದೆಂದೇ ಕಟ್ಟುವುದು. ಅನ್ನ ಬೇಯಬೇಕೆಂದೇ ಒಲೆಗೆ ಇಡುವುದು, ಅಂಗಿ ಬೆಳ್ಳಗಾಗಬೇಕೆಂದೇ ಒಗೆಯುವುದು. ಹಾಗೆ ನೋಡಿದರೆ ಅವರ ಕಚೇರಿಯಲ್ಲಿ ಫೈಲು ಮುಗಿಯಬೇಕೆಂದೇ ಬರೆಯುವುದು. ಆದರೂ ಒಂದು ಫೈಲು ಮುಗಿದ ದಿನ ಸಾಹೇಬರು "ಶಾಬಾಶ್" ಅಂದರೆ, ಆ ಶಾಬಾಶನ್ನು ನಮ್ಮವರು ಮನೆಗೆ ತಂದು ಊಟದ ತನಕ ಹೇಳುತ್ತಿದ್ದರು. ನಾನು ಹೌದೇ, ಮತ್ತೇನಂದರು, ಎಂದು ಕೇಳುತ್ತಿದ್ದೆ. ಮನಸ್ಸಿಟ್ಟೇ ಕೇಳುತ್ತಿದ್ದೆ.

ಅವರು ಕೆಟ್ಟವರು ಅಂದುಕೊಳ್ಳಬೇಡಿ. ಕುಡಿತವಿಲ್ಲ, ಕೈ ಎತ್ತಿದವರಲ್ಲ, ನನಗೆ ಜ್ವರ ಬಂದರೆ ತಾವೇ ಗಂಜಿ ಕಾಯಿಸುತ್ತಾರೆ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಸಿಟ್ಟು ಮಾಡಿಕೊಳ್ಳಲು ಊರೆಲ್ಲ ಜೊತೆಗಿರುತ್ತಿತ್ತು. ಒಳ್ಳೆಯ ಗಂಡನ ಮೇಲಿನ ಸಿಟ್ಟನ್ನು ಹೆಂಗಸು ಒಬ್ಬಳೇ ಇಟ್ಟುಕೊಂಡು ಸಾಕಬೇಕಾಗುತ್ತದೆ.

ಆದರೂ ಆ ಮಾತು ಹೇಗೋ ಮರೆಯುತ್ತಿದ್ದೆನೇನೋ. ಮುಂದಿನ ವರ್ಷ ಕಚೇರಿಗೆ ಕುಲಕರ್ಣಿ ಅನ್ನುವವರು ಹುಬ್ಬಳ್ಳಿಯಿಂದ ವರ್ಗವಾಗಿ ಬಂದರು. ಅವರ ಗಾಜಿನ ಸಾಮಾನು ಅರ್ಧಕ್ಕರ್ಧ ಒಡೆದು, ಹೆಂಡತಿ ಎರಡು ದಿನ ಅತ್ತಳಂತೆ. ಒಂದು ರವಿವಾರ ಅವರು ನಮ್ಮಲ್ಲಿಗೆ ಬಂದರು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಹೊರಗೆ ನಮ್ಮವರ ದನಿ.

"ಅದಕ್ಕೊಂದು ಪದ್ಧತಿ ಅದ ಕುಲಕರ್ಣಿ. ನಾ ಏನ್ ಮಾಡ್ತೀನಿ ಅಂದ್ರ, ಮೊದಲ ಕಪ್ಪಿನ ಕಿವಿಗೆ ಹುಲ್ಲು ಸುತ್ತತೀನಿ. ಬಸಿ ಮಲಗಸಂಗಿಲ್ಲ, ನಿಂದರಸ್ತೀನಿ. ಮೂವತ್ತೇಳು ಸಾಮಾನ ತಂದೆ ಸೂರತ್ತಿಂದ. ಒಂದೂ ಒಡದಿಲ್ಲ!"

ಒಂದೂ ಒಡದಿಲ್ಲ. ನನ್ನ ಮಾತು, ನನ್ನ ರಾಗದ ಸಮೇತ. ಪೇಪರು ಓದುತ್ತಲೇ ಅವರು ಎಲ್ಲವನ್ನೂ ನೋಡಿದ್ದರು, ಎಲ್ಲವನ್ನೂ ಕೇಳಿಸಿಕೊಂಡಿದ್ದರು ಅನ್ನುವುದು ನನಗೆ ಗೊತ್ತಾದದ್ದು ಆಗ. ನಾನು ತಟ್ಟೆ ಹಿಡಿದು ಬಾಗಿಲಿಗೆ ಬಂದೆ.

"ಕಂದೀಲಿನ ಗಾಜು ಹೆಂಗ್ ತಂದ್ರಿ ರಾಯರ?" ಕುಲಕರ್ಣಿ ಕೇಳಿದರು.

"ಅದಕ್ಕ ಹೊರಗ ಹುಲ್ಲು ಸುತ್ತೂದು, ಅಷ್ಟ," ಅಂದರು ನಮ್ಮವರು.

"ಅಲ್ರೀ, ಒಳಗೂ ತುಂಬಬೇಕು," ಅಂದೆ ನಾನು. "ನಾ ಕಾಲಚೀಲ—"

"ಏ, ಚಹಾ ಆರತದ, ಕೊಡು ಅವರಿಗೆ."

ಕುಲಕರ್ಣಿ ಕಪ್ಪು ತೆಗೆದುಕೊಂಡು ನನ್ನ ಕಡೆ ನೋಡಿ ನಕ್ಕರು. "ಪುಣ್ಯ ಮಾಡೀರಿ ವೈನಿ. ಎಷ್ಟು ವ್ಯವಸ್ಥಿತ ಮನುಷ್ಯಾ ಸಿಕ್ಕಾರ ನಿಮಗ!"

ನಾನೂ ನಕ್ಕೆ. ಆ ನಗೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಆರು ತಿಂಗಳಿಗೆ ಅಹಮದಾಬಾದಿಗೆ ವರ್ಗದ ಆರ್ಡರು ಬಂತು. "ಈ ಸಲ ನೀವ ಕಟ್ರಿ," ಅಂದೆ. "ನಿಮ್ಮ ಪದ್ಧತಿ ಅದ ಅಲ್ಲ." ಚುಚ್ಚಿದ್ದು ಅವರಿಗೆ ಗೊತ್ತಾಗಲೇ ಇಲ್ಲ. ಉತ್ಸಾಹದಿಂದ ತೋಳು ಮಡಚಿದರು. ನಾನು ಹನ್ನೊಂದು ದಿನ ಮಾಡಿದ್ದನ್ನು ಅವರು ಒಂದು ಶನಿವಾರ, ಒಂದು ರವಿವಾರದಲ್ಲಿ ಮುಗಿಸಿದರು. ನಡುನಡುವೆ ಸುತಳಿ ಕೊಡು, ಕತ್ತರಿ ಎಲ್ಲಿ, ಎಂಬ ಕೂಗು. ನಾನು ಕೊಟ್ಟೆ.

ರವಿವಾರ ಮಧ್ಯಾಹ್ನ ಅವರು ಅವ್ವನ ಭರಣಿ ಎತ್ತಿಕೊಂಡರು. ಅದರ ಸೀರೆಯನ್ನು ತೆಗೆದು ಬೇರೆ ಯಾವುದಕ್ಕೋ ಹಾಸಿದ್ದರು. ಭರಣಿಯಲ್ಲಿ ಅವ್ವನ ಅಳತೆಯ ಪ್ರಕಾರ ಹಾಕಿದ ಮಾವಿನ ಉಪ್ಪಿನಕಾಯಿ ಅರ್ಧ ಇತ್ತು. ಹಿತ್ತಾಳೆಯ ಕೊಡ ಇದ್ದ ಪೆಟ್ಟಿಗೆಯಲ್ಲಿ ಒಂದಿಷ್ಟು ಜಾಗ ಉಳಿದಿತ್ತು. ಕೊಡದ ಪಕ್ಕದಲ್ಲಿ ಭರಣಿ ಕೂಡಿಸಿ, ಮೇಲೆ ಒಂದು ಹಿಡಿ ಹುಲ್ಲು ಉದುರಿಸಿದರು. ನಡುವೆ ಏನೂ ಇಲ್ಲ. ಅದರ ಕೆಳಗೆ ಮಗಳ ಶಾಲೆಯ ಪುಸ್ತಕ.

ನಾನು ನೋಡಿದೆ. ಬಾಗಿಲಲ್ಲೇ ನಿಂತಿದ್ದೆ, ಎರಡು ಮಾರು ದೂರ. ಒಂದು ಮಾತು ಸಾಕಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. ಆಗ ಅವರು ಮೊಳೆ ಹೊಡೆಯುತ್ತ, ತಮ್ಮಷ್ಟಕ್ಕೆ ತಾವೇ, "ಇಷ್ಟಕ್ಕ ಹನ್ನೊಂದು ದಿನಾ ಹಿಡೀತಿತ್ತು," ಅಂದರು.

ನಾನು ಒಳಗೆ ಹೋಗಿ ಚವಳಿಕಾಯಿಯ ನಾರು ಬಿಡಿಸುತ್ತ ಕೂತೆ.

ಹಮಾಲ ಆ ಪೆಟ್ಟಿಗೆ ಎತ್ತಿದಾಗ ಅದು ಮಾತಾಡಿತು. ಟಣ್ ಅಂತ, ಒಂದೇ ಸಲ. ನನಗೆ ಸ್ಪಷ್ಟವಾಗಿ ಕೇಳಿಸಿತು. ಆಗಲೂ ತಡೆಯಬಹುದಿತ್ತು. ತಡೆಯಲಿಲ್ಲ.

ನವರಂಗಪುರದ ಈ ಮನೆಯಲ್ಲಿ ಪೆಟ್ಟಿಗೆ ತೆರೆಯುವ ಮೊದಲೇ ಸಾಸಿವೆ, ಇಂಗಿನ ವಾಸನೆ ಬಂತು. ಭರಣಿ ನಾಲ್ಕು ಹೋಳಾಗಿತ್ತು. ಮುಚ್ಚಳ ಮಾತ್ರ ಸುರಕ್ಷಿತ. ಎಣ್ಣೆಯೆಲ್ಲ ಪುಸ್ತಕಗಳಿಗೆ ಇಳಿದು, ಮಗಳು ಆ ವರ್ಷ ಪೂರ್ತಿ ಉಪ್ಪಿನಕಾಯಿ ವಾಸನೆಯಲ್ಲೇ ಗಣಿತ ಕಲಿತಳು. ನಮ್ಮವರು ಹೋಳುಗಳನ್ನು ನೋಡಿ ನಿಜವಾಗಿ ನೊಂದುಕೊಂಡರು. ಆಮೇಲೆ, "ರೇಲ್ವೆ ಹಮಾಲರು ಎತ್ತಿ ಒಗದಾರ. ಅವರಿಗೇನು ಬುದ್ಧಿ ಅದ?" ಅಂದರು. ಯಾವ ಊರಿನ ಯಾವ ಹಮಾಲನೋ ಪಾಪ, ಬೆನ್ನ ಮೇಲೆ ನಮ್ಮ ಸಂಸಾರ ಹೊತ್ತವನು, ಬೈಗುಳವನ್ನೂ ಹೊತ್ತ. ನಾನು ಹಮಾಲನ ಪರವಾಗಿಯೂ ಬಾಯಿ ಬಿಡಲಿಲ್ಲ. ಹೋಳುಗಳನ್ನು ಸೆರಗಿನಲ್ಲಿ ಆರಿಸಿಕೊಂಡೆ. ಅವ್ವ ಮೂವತ್ತು ವರ್ಷ ಕಾಯ್ದದ್ದನ್ನು ನಾನು ಒಂದು ಮಧ್ಯಾಹ್ನದ ಸಿಟ್ಟಿಗೆ ಕೊಟ್ಟುಬಿಟ್ಟಿದ್ದೆ. ಗಂಡನಿಗೆ ಪಾಠ ಕಲಿಸಬೇಕೆಂದಿದ್ದೆ. ಅವರು ಏನೂ ಕಲಿಯಲಿಲ್ಲ. ಪಾಠ ನಡೆದದ್ದೇ ಅವರಿಗೆ ಗೊತ್ತಿರಲಿಲ್ಲ.

ಮುಚ್ಚಳವನ್ನು ಈಗಲೂ ಮೊಸರಿನ ಪಾತ್ರೆಗೆ ಮುಚ್ಚುತ್ತೇನೆ. ಅಳತೆ ಸರಿಹೋಗುವುದಿಲ್ಲ. ಆದರೂ ಮುಚ್ಚುತ್ತೇನೆ.

ಇವತ್ತು ಬೆಳಿಗ್ಗೆ ಹುಲ್ಲಿನ ಚೀಲದ ಪಕ್ಕ ನಿಂತು ಅವರು ಎರಡನೇ ಸಲ ಕೇಳಿದರು, "ಯಾವಾಗ ಶುರು ಮಾಡ್ತೀ?"

"ಭರಣಿ ಒಡದದ್ದು ಹಮಾಲರಿಂದಲ್ಲ," ಅಂದೆ.

"ಯಾವ ಭರಣಿ?"

ಐದು ವರ್ಷದಿಂದ ನಾನು ದಿನಾ ಮುಚ್ಚಿ ತೆಗೆಯುವ ಮುಚ್ಚಳದ ಭರಣಿಯನ್ನು ಅವರು ನೆನಪು ಮಾಡಿಕೊಳ್ಳಬೇಕಾಯಿತು. "ನೀವು ಕೊಡದ ಬಾಜೂಕ ಇಟ್ರಿ. ನಡುವ ಹುಲ್ಲು ಹಾಕಲಿಲ್ಲ. ನಾ ನಿಂತು ನೋಡ್ದೆ."

ಅವರು ಅಂಗಿ ಝಾಡಿಸುವುದನ್ನು ನಿಲ್ಲಿಸಿದರು. "ನೋಡ್ದಿ? ನೋಡಿ ಸುಮ್ನಿದ್ದಿ? ಹೇಳಬೇಕಿತ್ತಲ್ಲ."

"ಕೇಳಬೇಕಿತ್ತಲ್ಲ," ಅಂದೆ.

ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಮಧ್ಯಾಹ್ನ ತಿರುಗಿ ಬಂದಾಗ ಕೈಯಲ್ಲಿ ಕರಿಬಣ್ಣದ ಡಬ್ಬಿ, ಬ್ರಶ್ಶು. ಅಷ್ಟರಲ್ಲಿ ನಾನು ಹಳೆಯ ಖಾಲಿ ಪೆಟ್ಟಿಗೆಗಳನ್ನು ನಡುಮನೆಗೆ ತಂದಿಟ್ಟಿದ್ದೆ. ಅವುಗಳ ಮೇಲೆ ತಮ್ಮ ಹೆಸರು, ಊರು ಬರೆಯುವ ಕೆಲಸ ಯಾವಾಗಲೂ ಅವರದು. ಅಕ್ಷರ ಚೆಂದ, ಒಪ್ಪಬೇಕು. ಬರೆದು ಮುಗಿಸಿ, ಬ್ರಶ್ಶನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟು ಕೈ ತೊಳೆಯಲು ಹೋದರು. ನಾನು ಅದನ್ನು ಎತ್ತಿಕೊಂಡು, ಒಂದನೇ ನಂಬರಿನ ಪೆಟ್ಟಿಗೆಯ ಮೇಲೆ ಅವರ ಹೆಸರಿನ ಕೆಳಗೆ "ಕಟ್ಟಿದವರು" ಎಂದು ಬರೆದು, ಮುಂದೆ ನನ್ನ ಹೆಸರು ಬರೆದೆ. ಬ್ರಶ್ಶಿನ ರೂಢಿಯಿಲ್ಲದೆ ಎರಡನೇ ಅಕ್ಷರ ಸೊಟ್ಟಗಾಯಿತು. ಉಳಿದ ಪೆಟ್ಟಿಗೆಗಳಿಗೆ ಹೋಗುವಷ್ಟರಲ್ಲಿ ಕೈ ಹದಕ್ಕೆ ಬಂತು.

ಅವರು ಟವೆಲ್ಲಿನಲ್ಲಿ ಕೈ ಒರೆಸುತ್ತ ಬಂದು ನೋಡಿದರು. "ರೇಲ್ವೆಯವರಿಗೆ ಇದು ಬೇಕಾಗಂಗಿಲ್ಲ."

"ಅವರಿಗಂತ ಬರದಿಲ್ಲ."

ಅವರು ಕುರ್ಚಿಯ ಮೇಲೆ ಕೂತರು. ಪೇಪರು ಪಕ್ಕದಲ್ಲೇ ಇತ್ತು, ಎತ್ತಿಕೊಳ್ಳಲಿಲ್ಲ. ಈಗ ಅಲ್ಲೇ ಕೂತಿದ್ದಾರೆ. ನಾನು ಮುಚ್ಚಳಕ್ಕೆ ಹುಲ್ಲು ಸುತ್ತುತ್ತಿದ್ದೇನೆ, ಒಂದು ಪೂರ್ತಿ ಭರಣಿಗೆ ಬೇಕಾಗುವಷ್ಟು ಹುಲ್ಲು. ಸಿಟ್ಟು ಹೋಗಿಲ್ಲ. ಅದನ್ನು ಯಾವ ಪೆಟ್ಟಿಗೆಗೂ ಹಾಕುವುದಿಲ್ಲ, ಕೈಯಲ್ಲೇ ಹಿಡಿದುಕೊಂಡು ಸೂರತ್ತಿಗೆ ಹೋಗುತ್ತೇನೆ.

ನೀವು ಬನ್ನಿ, ಕೂತುಕೊಳ್ಳಿ. ಆ ಪೆಟ್ಟಿಗೆಗಳನ್ನು ಮಾತ್ರ ಮುಟ್ಟಬೇಡಿ, ಬಣ್ಣ ಇನ್ನೂ ಹಸಿ.