ಬಾಣಂತನಕ್ಕೆ ಸಾಕಿದ ಕೋಳಿಗಳು

ಹೊಸ ವಿಷಯ ತಿಳಿದರೆ ಅದು ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ರೋಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಹಕ್ಕಿಗಳ ಫ್ಲೂ ದೂರದ ದೇಶದಲ್ಲಿ ಆಕಳುಗಳಿಗೂ ತಗುಲಿದೆ ಎಂಬ ಸುದ್ದಿ ಬಂದಾಗಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಒಂದು ರವಿವಾರ ಬೆಳಿಗ್ಗೆ, ಫ್ಲೂ ವೈರಸ್ಸಿನ ಹೊಸ ತಳಿ ಹೇಗೆ ಹುಟ್ಟುತ್ತದೆಂಬುದು ತಟ್ಟನೆ ತಲೆಗೆ ಹತ್ತಿತು. ಖುಷಿಯಲ್ಲಿ ಒಲೆಯ ಮೇಲಿನ ಹಾಲು ಉಕ್ಕಿಹೋದದ್ದೂ ಗೊತ್ತಾಗಲಿಲ್ಲ. ಯಾರಿಗಾದರೂ ಹೇಳಲೇಬೇಕಿತ್ತು. ಸವಡಿಯ ಬಸ್ಸು ಹತ್ತಿದೆ. ಅಲ್ಲಿ ನನ್ನ ಅಕ್ಕನ ಮನೆ. ಅವಳ ಮಗಳು ಚೊಚ್ಚಲ ಹೆರಿಗೆಗೆಂದು ಬಂದಿದ್ದಳು.

ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಮಗಳು ಒಲೆಯ ಬದಿಗೆ ಹಾಸಿಕೊಂಡು ಮಲಗಿದ್ದಳು. ಚಪ್ಪಲಿ ಬಿಟ್ಟವಳೇ ಶುರುಮಾಡಿದೆ.

"ಇಸ್ಪೀಟಿನ ಎರಡ ಕಟ್ಟ ಅದಾವಂತ ತಿಳಕೋ. ಒಂದು ಹಕ್ಕಿ ಫ್ಲೂ, ಇನ್ನೊಂದು ಮನಷ್ಯಾರ ಫ್ಲೂ. ಒಂದೊಂದರಾಗ ಎಂಟೆಂಟ ಎಲಿ. ಎರಡೂ ಒಂದ ಮೈಯಾಗ ಹೊಕ್ಕವಂದ್ರ ಎಲಿ ಕಲತು ಮೂರನೇ ಕಟ್ಟ ಹುಟ್ಟಬಹುದು. ಅದರ ಗುರ್ತ ನಮ್ಮ ಮೈಗೆ ಇರಂಗಿಲ್ಲ."

"ನೀ ಇಸ್ಪೀಟ ಯಾವಾಗ ಕಲ್ತಿ?" ಅಕ್ಕ ನಕ್ಕಳು.

"ಕೇಳ ಅಂದ್ರ. ಅದು ಮಂದಿಯಿಂದ ಮಂದಿಗೆ ಹರಡೂದು ಕಲ್ತ್ರ ಮುಗೀತು. ಬಸುರಿ ಹೆಂಗಸರಿಗಂತೂ ಭಾಳ ತ್ರಾಸ."

ಅಷ್ಟರಲ್ಲಿ ಮಗಳು ಕೆಮ್ಮಿದಳು. ನಿನ್ನೆಯಿಂದ ನೆಗಡಿ, ಜ್ವರವಂತೆ. ಅವಳ ತಲೆದಿಂಬಿನ ಪಕ್ಕ ಬೋರಲು ಹಾಕಿದ ಬುಟ್ಟಿಯೊಳಗೆ ಏನೋ ಗೊರಗುಟ್ಟಿತು.

"ಕೋಳಿ," ಅಂದಳು ಅಕ್ಕ. "ತೂಕಡಸಾಕ ಹತ್ಯಾವ. ಕೆಲವು ಸತ್ವು. ಇವಾದ್ರೂ ಬೆಚ್ಚಗಿರ್ಲಿ ಅಂತ ಒಳಗ ತಂದೀನಿ."

ಬಾಣಂತಿಗೆ ಸಾರು ಮಾಡಿ ಹಾಕಲೆಂದೇ ಅವಳು ಸಾಕಿದ್ದ ಜವಾರಿ ಕೋಳಿಗಳವು. ಜಡ್ಡಾದ ಕೋಳಿಯನ್ನು ಒಲೆಯ ಹತ್ತಿರ ತಂದು ಬುಟ್ಟಿ ಮುಚ್ಚಿ ಜೋಪಾನ ಮಾಡುವುದು ನಮ್ಮ ಕಡೆಯ ರೂಢಿ, ನಮ್ಮವ್ವನೂ ಮಾಡುತ್ತಿದ್ದಳು. ನಾನು ಹೇಳುತ್ತಿದ್ದ ಎರಡೂ ಕಟ್ಟು ಈ ಒಲೆಯ ಮುಂದೆಯೇ ಇರಬಹುದಿತ್ತು.

"ಅಕ್ಕಾ, ಆ ಬುಟ್ಟಿ ಹೊರಗ ಒಯ್ಯಿ. ಲಗೂ."

ನನ್ನ ಮುಖ ನೋಡಿದವಳು ಬುಟ್ಟಿ, ಕೋಳಿ ಎಲ್ಲ ಎತ್ತಿಕೊಂಡು ಹಿತ್ತಲಿಗೆ ನಡೆದಳು. ತಿರುಗಿ ಒಳಗೆ ಬರಲಿಲ್ಲ.

"ಮುಂಜಾನಿಂದ ಇವನ್ನ ಉಡಿಯಾಗ ಇಟಗೊಂಡ ಬಾಯಾಗ ಉಳ್ಳಾಗಡ್ಡಿ ರಸ ಹಾಕೀನಿ," ಅಂದಳು ಅಲ್ಲಿಂದಲೇ. "ನಾ ಹೊರಗ ಇರ್ತೀನಿ. ಆಕೀನ್ನ ನೀ ನೋಡ."

ಮಗಳನ್ನು ದವಾಖಾನೆಗೆ ಕರೆದೊಯ್ದೆ. ಗಂಟಲಿನ ದ್ರವ ತೆಗೆದು ಔಷಧ ಕೊಟ್ಟರು. ದನದ ಡಾಕ್ಟರು ಬಂದು ಸತ್ತ ಕೋಳಿಗಳ ಮಾದರಿ ಒಯ್ದರು. ನಾನು ರಜೆ ಹಾಕಿ ಅಲ್ಲೇ ಉಳಿದೆ. ಅಕ್ಕ ದನದ ಕೊಟ್ಟಿಗೆಯ ಕಟ್ಟೆಯ ಮೇಲೆ ಉಂಡಳು, ಅಲ್ಲೇ ಮಲಗಿದಳು. "ಯವ್ವಾ, ಒಳಗ ಬಾ," ಎಂದು ಮಗಳು ಕರೆದರೆ ಮುಖ ಆಚೆ ತಿರುಗಿಸುತ್ತಿದ್ದಳು. ನೋಡಲಾಗುತ್ತಿರಲಿಲ್ಲ ನನಗೆ.

ಕಡೆಗೆ ಪರೀಕ್ಷೆಯ ಫಲಿತಾಂಶದ ಫೋನು ಬಂತು. ನಾನು ಹಿತ್ತಲಿಗೆ ಓಡಿದೆ.

"ಹಕ್ಕಿ ಫ್ಲೂ ಅಲ್ಲಂತ. ಕೋಳಿಗೆ ಬಂದದ್ದು ಬ್ಯಾರೇ ಜಡ್ಡು. ಆಕೀಗೆ ನಮ್ಮ ಹಳೇ ಫ್ಲೂನ. ನೋಡ, ಆ ಬ್ಯಾರೇ ಜಡ್ಡು ಹ್ಯಾಂಗ ಅಂದ್ರ..."

ಅಕ್ಕ ಕೇಳಲು ನಿಲ್ಲಲಿಲ್ಲ. ಬಚ್ಚಲಲ್ಲಿ ಮೊಣಕೈತನಕ ಸಾಬೂನು ಹಚ್ಚಿ ತೊಳೆದು, ನನ್ನನ್ನು ದಾಟಿ ಒಳಗೆ ಹೋದಳು. ಮಗಳ ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟು ಕೂತಳು.

"ಒದೀತು," ಅಂದಳು.